ಎಡೆಯ ಸಾರಿನ ಮೇಲೊಂದು ಥೂ

ನನ್ನನ್ನು ಶಾಲೆಯಿಂದ ಬಿಡಿಸಿದ್ದು ಮೂರನೇ ಕ್ಲಾಸಿನಲ್ಲಿ. ಬಿಡಿಸುವುದಕ್ಕೆ ಸ್ವಲ್ಪ ಮುಂಚೆ ಒಂದು ದಿನ ಮೇಷ್ಟ್ರು ಒಬ್ಬೊಬ್ಬರನ್ನೇ ನಿಲ್ಲಿಸಿ ಒಂದೊಂದು ಅಕ್ಷರಕ್ಕೆ ಒಂದೊಂದು ಪದ ಹೇಳಿಸುತ್ತಿದ್ದರು. ತಕ್ಕಡಿಯ ತ ನನ್ನ ಮುಂದಿನವಳಿಗೆ ಹೋಯಿತು. ದನದ ದ ಹಿಂದಿನವಳಿಗೆ ಕಾದಿತ್ತು. ನನ್ನ ಹಣೆಗೆ ಥ ಬಂತು. ನಾನು "ಥೂ" ಅಂದೆ. ಮೇಷ್ಟ್ರು ಬೆತ್ತ ತೆಗೆದರು. ನಾನು ಹೇಳಿದ್ದರಲ್ಲಿ ಏನು ತಪ್ಪಿತ್ತು ಅಂತ ಇವತ್ತಿಗೂ ನನಗೆ ಗೊತ್ತಾಗಿಲ್ಲ. ಥ ಅಕ್ಷರಕ್ಕೆ ಬೇರೆ ಏನಿದೆ ಅಂತ ಅರವತ್ತು ವರ್ಷದಿಂದ ಹುಡುಕುತ್ತಿದ್ದೇನೆ. ಥಂಡಿ ಅಂತ ಒಂದಿದೆ, ಅದೂ ಈ ಬೆಂಗಳೂರಲ್ಲಿ ಈಗ ಇಲ್ಲ.

ಥೂ ಅನ್ನುವುದು ಬೈಗುಳ ಅಂತ ತಿಳಿದವರು ಪೆದ್ದರು. ಬೈಗುಳದಲ್ಲಿ ಅಪ್ಪ ಅಮ್ಮ ಬರುತ್ತಾರೆ, ನಾಯಿ ಕತ್ತೆ ಬರುತ್ತವೆ, ಬೈದವರ ಬಾಯಿಯೂ ನೋಯುತ್ತದೆ. ಥೂನಲ್ಲಿ ಯಾರೂ ಬರುವುದಿಲ್ಲ. ನೀನು ಬೈಯುವುದಕ್ಕೂ ಲಾಯಕ್ಕಿಲ್ಲ ಅಂತ ಹೇಳುವುದೇ ಥೂ. ಛೀ ಬೇರೆ. ಛೀ ಅನ್ನುವುದು ಇನ್ನೂ ಸರಿಹೋಗುವವರಿಗೆ, ಸಿಂಬಳ ಒರೆಸಿಕೊಳ್ಳದ ಮಗುವಿಗೆ, ಚಪ್ಪಲಿ ಹಾಕಿಕೊಂಡು ಒಳಗೆ ಬಂದ ಅಳಿಯನಿಗೆ. ಇನ್ನು ಇವರು ಉದ್ಧಾರವಾಗುವುದಿಲ್ಲ ಅಂತ ಖಾತ್ರಿಯಾದ ಮೇಲೆ ಥೂ. ಆದ್ದರಿಂದ ಅದನ್ನು ಸುಮ್ಮನೆ ಖರ್ಚು ಮಾಡಬಾರದು ಅನ್ನುತ್ತಿದ್ದಳು ನಮ್ಮವ್ವ. ನಾನು ಮಾಡಿದೆ. ಕೈತುಂಬ ಮಾಡಿದೆ. ತಣಿಸಂದ್ರದಲ್ಲಿ ನಮ್ಮ ಮನೆ ಮುಂದಿನ ರಸ್ತೆಯನ್ನು ಒಂದೇ ವರ್ಷದಲ್ಲಿ ಮೂರು ಸಲ ಅಗೆದಾಗ ಅಂದೆ. ತಳ್ಳುಗಾಡಿಯವನ ಟೊಮೆಟೊಗೆ ವಾರಕ್ಕೆ ಎರಡು ಸಲ ಅನ್ನುತ್ತೇನೆ, ಅಂದ ಮೇಲೆ ಅವನು ಗೋಣಿಚೀಲದ ಕೆಳಗಿಂದ ಒಳ್ಳೆಯದು ತೆಗೆಯುತ್ತಾನೆ. ಅತಿ ಹೆಚ್ಚು ಅನ್ನಿಸಿಕೊಂಡವರು ನಮ್ಮ ಯಜಮಾನರು. ಟೆಂಪೋ ಓಡಿಸುತ್ತಿದ್ದರು. ಬಾಡಿಗೆ ಮುಗಿಸಿ ನೇರ ಮನೆಗೆ ಬಂದ ದಿನ ಕಡಿಮೆ. ಬಾಗಿಲಲ್ಲಿ ನಿಂತು ನಾನು ಥೂ ಅಂದರೆ "ಬಂದೆ ಕಣೆ" ಅನ್ನುತ್ತಿದ್ದರು, ಯಾರೋ ಪ್ರೀತಿಯಿಂದ ಕರೆದ ಹಾಗೆ. ಆ ಮನುಷ್ಯನಿಗೆ ಒಂದೂ ತಾಗಲಿಲ್ಲ. ಹೋಗಿ ಏಳು ವರ್ಷವಾಯಿತು, ಫೋಟೋದಲ್ಲೂ ಅದೇ ಮುಖ.

ಇದರಲ್ಲಿ ಒಂದು ಕೈಚಳಕ ಇದೆ, ಬಾಯಿಚಳಕ ಅನ್ನಬೇಕೇನೋ. ಥೂ ಅಂದಾಗ ಉಗುಳು ಹೊರಗೆ ಬರಬಾರದು. ಬಂದರೆ ಅದು ಉಗಿಯುವುದು. ಅದು ಬೀದಿಯಲ್ಲಿ ಎಲೆಅಡಿಕೆ ಹಾಕುವ ಎಲ್ಲರಿಗೂ ಬರುತ್ತದೆ. ನಾಲಿಗೆಯ ತುದಿ ಹಲ್ಲಿಗೆ ತಾಗಿಸಿ, ಗಾಳಿ ಮಾತ್ರ ಬಿಡಬೇಕು. ಎದುರಿನವನು ಕೆನ್ನೆ ಒರೆಸಿಕೊಳ್ಳಬೇಕು, ಕೆನ್ನೆಯಲ್ಲಿ ಏನೂ ಇರಬಾರದು. ಹಾಗೆ ಅನ್ನಬೇಕು. ನಮ್ಮವ್ವನದು ಹಂಗೇ ಇತ್ತು. ನನ್ನದೂ ಹೋದ ಬೇಸಿಗೆಯ ತನಕ ಹಂಗೇ ಇತ್ತು. ಹೋದ ಬೇಸಿಗೆಯಲ್ಲಿ ಮುಂದಿನ ಹಲ್ಲುಗಳೆಲ್ಲ ಹೋಗಿ ಕಟ್ಟಿಸಿದ ಹಲ್ಲು ಬಂತು. ಚಕ್ಕುಲಿ ತಿನ್ನಬಹುದು ಅಂದರು, ತಿಂದೆ. ಥೂ ಅನ್ನಬಹುದಾ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಈಗ ಎಡೆಯ ವಿಷಯಕ್ಕೆ ಬರುತ್ತೇನೆ.

ನಮ್ಮಲ್ಲಿ ಪಿತೃಪಕ್ಷದ ಅಮಾವಾಸ್ಯೆಗೆ ಸತ್ತವರಿಗೆ ಎಡೆ ಇಡುತ್ತೇವೆ. ಅತ್ತೆ, ಮಾವ, ನಮ್ಮ ಯಜಮಾನರು, ಮೂವರ ಫೋಟೋ ಒರೆಸಿ, ಹೂವು ಹಾಕಿ, ಹೊಸ ಬಟ್ಟೆ ಇಟ್ಟು, ಬಾಳೆಎಲೆಯಲ್ಲಿ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸುವುದು. ಮುದ್ದೆ, ಮಟನ್ ಸಾರು, ವಡೆ, ಕಜ್ಜಾಯ, ಪಾಯಸ. ನಮ್ಮ ಯಜಮಾನರಿಗೆ ಒಂದು ಕಟ್ಟು ಬೀಡಿ, ಒಂದು ಕ್ವಾರ್ಟರ್ ಬ್ರಾಂದಿ. ಬದುಕಿದ್ದಾಗ ಅದನ್ನು ಕಿತ್ತು ಚರಂಡಿಗೆ ಸುರಿದವಳು ನಾನೇ, ಈಗ ಪ್ರತಿ ವರ್ಷ ನಾನೇ ತರಿಸಿ ಮುಂದೆ ಇಡುತ್ತೇನೆ. ಎಡೆ ಇಟ್ಟು ಧೂಪ ಹಾಕಿ, ಬಾಗಿಲು ಮುಂದೆ ಮಾಡಿ, ಎಲ್ಲರೂ ಹೊರಗೆ ಬಂದು ನಿಲ್ಲಬೇಕು. ಅವರು ಬಂದು ಉಂಡು ಹೋಗುತ್ತಾರೆ. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗಿ ನಾವು ಉಣ್ಣುವುದು. ಅಲ್ಲಿಯ ತನಕ ಮನೆಯವರು ಅನ್ನ ಮುಟ್ಟುವಂತಿಲ್ಲ. ಅಡಿಗೆ ಮಾಡುವವಳು ಉಪ್ಪು ಕೂಡ ನೋಡುವಂತಿಲ್ಲ. ನೋಡಿದರೆ ಎಂಜಲು. ಎಂಜಲಾದರೆ ಚೆಲ್ಲಬೇಕು.

ಹಿರಿಸೊಸೆಯಾಗಿ ಆ ಮನೆಗೆ ಬಂದ ವರ್ಷದಿಂದ ನಾನೇ ಎಡೆ ಮಾಡಿದ್ದು. ನಲವತ್ತಕ್ಕೂ ಮೇಲಾಯಿತು. ನನಗೆ ಮಗ ಇಲ್ಲ, ಇರುವ ಒಬ್ಬಳು ಮಗಳು ಮಾಕಳಿಯಲ್ಲಿ ಅವಳ ಅತ್ತೆ ಮನೆ ಎಡೆಯಲ್ಲಿ ಬೇಯುತ್ತಿರುತ್ತಾಳೆ. ನನ್ನ ಜೊತೆಗೆ ಕೈ ಹಾಕುವವಳು ವಾರಗಿತ್ತಿ, ನನ್ನ ಮೈದುನನ ಹೆಂಡತಿ. ಜಮೀನು ಮಾರಿದ ಮೇಲೆ ಅವರು ಹೆಬ್ಬಾಳದ ಕಡೆ ಹನ್ನೊಂದನೇ ಮಹಡಿಯಲ್ಲಿ ಫ್ಲಾಟು ತಗೊಂಡರು. ಅಲ್ಲಿ ಹೋದ ಮೇಲೆ ಅವಳಿಗೆ ಮುದ್ದೆ ಹೆವಿ ಆಯಿತು. ಮನೆ ಒಳಗೆ ಹಾಕಿಕೊಳ್ಳುವುದಕ್ಕೆ ಒಂದು ಚಪ್ಪಲಿ, ಹೊರಗೆ ಒಂದು, ಬಚ್ಚಲಿಗೆ ಒಂದು. ನನ್ನ ಮನೆಗೆ ಬಂದಾಗ ಬರಿಗಾಲಲ್ಲಿ ಕುಂಟುತ್ತಾಳೆ.

ಅವಳ ಮಗ ಮದುವೆಯಾಗಿದ್ದು ಹುಬ್ಬಳ್ಳಿ ಕಡೆಯ ಹುಡುಗಿಯನ್ನು. ಇಬ್ಬರೂ ಒಂದೇ ಕಡೆ ಕೆಲಸ ಮಾಡುತ್ತಿದ್ದರಂತೆ. ಹುಡುಗಿ ಎತ್ತರ, ಮಾತು ಕಡಿಮೆ. ಹೋದ ವರ್ಷ ಅವಳಿಗೆ ಮೊದಲ ಎಡೆ. ಸೌಟು ಕೈಗೆ ಕೊಟ್ಟು ನಾನು ಕಜ್ಜಾಯದ ಕಡೆ ತಿರುಗಿದ್ದೆ ಅಷ್ಟೆ. ಅವಳು ಅಂಗೈಗೆ ಎರಡು ತೊಟ್ಟು ಸಾರು ಬಿಟ್ಟುಕೊಂಡು ನೆಕ್ಕಿ, ಉಪ್ಪು ಒಂಚೂರು ಬೇಕ್ರಿ ಅಂದಳು. ಯಾರೂ ಹೇಳಿರಲಿಲ್ಲ ಅವಳಿಗೆ. ನಾನೂ ಹೇಳಿರಲಿಲ್ಲ. ಆದರೂ ಎಲ್ಲರ ಮುಂದೆ ಥೂ ಅಂದೆ. ಅವತ್ತಿನದು ಎಷ್ಟು ಒಣಗಿತ್ತೆಂದರೆ ನಮ್ಮವ್ವ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದಳು. ಎರಡು ಕೇಜಿ ಮಟನ್ನಿನ ಸಾರು ಹಿಂದಿನ ಖಾಲಿ ಸೈಟಿನ ನಾಯಿಗಳಿಗೆ ಹೋಯಿತು. ಹುಡುಗಿ ಅಳಲಿಲ್ಲ. ತಾನೇ ಪಾತ್ರೆ ತಿಕ್ಕಿ, ಕವುಚಿ, ಕೈ ಒರೆಸಿಕೊಂಡು ನನ್ನನ್ನು ಒಂದು ಸಲ ನೋಡಿದಳು. ಆ ನೋಟ ನನಗೆ ಮರೆತಿರಲಿಲ್ಲ. ನಾನೇನು ತಲೆ ಕೆಡಿಸಿಕೊಳ್ಳಲಿಲ್ಲ, ಮರೆತಿರಲಿಲ್ಲ ಅಷ್ಟೆ.

ಈ ವರ್ಷ ಅಮಾವಾಸ್ಯೆಗೆ ನಾಲ್ಕು ದಿನ ಇದೆ ಅನ್ನುವಾಗ ವಾರಗಿತ್ತಿ ಫೋನು ಮಾಡಿದಳು. ಅವರ ಫ್ಲಾಟಿನಲ್ಲಿ ಎಲ್ಲರೂ ಎಡೆ ಊಟ ಆರ್ಡರ್ ಮಾಡುತ್ತಾರಂತೆ. ವೆಜ್ಜು ನಾನ್‌ವೆಜ್ಜು ಎರಡೂ ಇದೆಯಂತೆ, ಎಲೆ ಸಮೇತ ಮನೆ ಬಾಗಿಲಿಗೆ ಬರುತ್ತದಂತೆ, ಕಾಗೆಗೆ ಬೇರೆ ಪೊಟ್ಟಣವಂತೆ. ನಾನು ಫೋನಿನಲ್ಲೇ ಮೂರು ಸಲ ಥೂ ಅಂದೆ. ಫೋನಿನಲ್ಲಿ ಒಣಗಿದೆಯೋ ಒದ್ದೆಯೋ ಯಾರೂ ನೋಡುವುದಿಲ್ಲ, ಅದೊಂದು ಅನುಕೂಲ. ಅವಳು ಸರಿ ಅಕ್ಕ, ಬರ್ತೀವಿ ಅಂತ ಇಟ್ಟಳು. ಅಷ್ಟು ಬೇಗ ಸರಿ ಅಂದಾಗಲೇ ನನಗೆ ಅನುಮಾನ ಬರಬೇಕಿತ್ತು.

ಬಂದರು. ಮೈದುನ ಬಂದವನೇ ಬ್ರಾಂದಿ ಬಾಟಲು ಎಲ್ಲಿದೆ ಅಂತ ಕಣ್ಣಲ್ಲೇ ಹುಡುಕಿ, ಕಂಡ ಮೇಲೆ ಸಮಾಧಾನವಾಗಿ ಕುರ್ಚಿ ಹಿಡಿದ. ಎಡೆ ಎತ್ತಿದ ಮೇಲೆ ಅದು ಅವನ ಪಾಲು. ಅಣ್ಣನ ಮೇಲೆ ಅವನಿಗಿರುವ ಭಕ್ತಿಗೆ ಅದೇ ಕೂಲಿ. ಹುಡುಗಿ ರಜ ಹಾಕಿ ಬಂದಿದ್ದಳು. ಗಂಡನಿಗೆ ರಜ ಸಿಕ್ಕಿರಲಿಲ್ಲ. ಸ್ನಾನ ಮಾಡಿಕೊಂಡೇ ಬಂದೀನ್ರಿ ಅಂತ ಅವಳೇ ಹೇಳಿ ಅಡಿಗೆಮನೆಗೆ ಬಂದಳು, ಸೌಟು ಹಿಡಿದಳು, ಬಾಯಿ ಬಿಗಿಯಾಗಿ ಮುಚ್ಚಿದ್ದಳು.

ಮಧ್ಯಾಹ್ನ ಮೂರೂವರೆಗೆ ವಡೆ ಆಗಿತ್ತು, ಕಜ್ಜಾಯ ಆಗಿತ್ತು, ಪಾಯಸ ಮುಚ್ಚಿಟ್ಟಾಗಿತ್ತು. ಮಟನ್ ಬೆಂದು ಮಸಾಲೆ ಹಾಕಿ ಸಾರು ಕುದಿ ಹಿಡಿದಿತ್ತು. ನಾನು ಮುಚ್ಚಳ ತೆಗೆದು ವಾಸನೆ ನೋಡುತ್ತಿದ್ದೆ. ರುಚಿ ನೋಡುವಂತಿಲ್ಲವಾದ್ದರಿಂದ ನನ್ನ ಮೂಗೇ ನಾಲಿಗೆ. ಆಗ ವಾರಗಿತ್ತಿ ಬಾಗಿಲಿಗೆ ಬಂದು ನಿಂತಳು. ನನ್ನ ಮಂಡಿ ನೋವಿನ ವಿಷಯ ಎತ್ತಿದಳು. ಹೋದ ತಿಂಗಳು ನಾನು ಬಚ್ಚಲಲ್ಲಿ ಜಾರಿದ್ದನ್ನು ಎತ್ತಿದಳು. ಎತ್ತಿ ಎತ್ತಿ ಕೊನೆಗೆ ಇಳಿಸಿದಳು.

"ಅಕ್ಕ, ನಿಮ್ ಕೈಲಿ ಇನ್ ಆಗಲ್ಲ. ಮುಂದಿನ್ ವರ್ಷದಿಂದ ಎಡೆ ನಮ್ಮನೇಲೇ ಇಟ್ಕೊಳ್ಳೋಣ. ಭಾವನ ಫೋಟೋ ಇವತ್ತೇ ತಗೊಂಡ್ ಹೋಗ್ತೀನಿ. ನೀವು ಆರಾಮಾಗಿ ಬಂದು ಸೋಫಾದಲ್ಲಿ ಕೂತ್ಕೊಳ್ಳಿ."

ಫೋಟೋ ಸುತ್ತುವುದಕ್ಕೆ ಬ್ಯಾಗಿನಲ್ಲಿ ಒಂದು ಹಳೇ ಟವೆಲ್ಲು ಕೂಡ ತಂದಿದ್ದಳು. ಅಂದರೆ ಇದು ಬಾಯಿಗೆ ಬಂದ ಮಾತಲ್ಲ, ಮನೆಯಿಂದ ಕಟ್ಟಿಕೊಂಡು ಬಂದ ಮಾತು. ನನಗೆ ಕಂಡಿದ್ದು ಹನ್ನೊಂದನೇ ಮಹಡಿ, ಪ್ಲಾಸ್ಟಿಕ್ ಡಬ್ಬಿಯ ಮಟನ್ನು, ಸೋಫಾದ ತುದಿಯಲ್ಲಿ ಕಾಲು ನೆಲಕ್ಕೆ ಎಟುಕದೆ ಕೂತ ನಾನು. ನಲವತ್ತು ವರ್ಷ ಆ ಮನೆಯ ಸತ್ತವರಿಗೆ ಬೇಯಿಸಿ ಹಾಕಿದವಳು ಇನ್ನು ಮೇಲೆ ಎಡೆಗೆ ನೆಂಟಳು.

ನಾನು ತಿರುಗಿ ಥೂ ಅಂದೆ.

ತಿರುಗಿದ್ದು ಪೂರ್ತಿ ತಿರುಗಿರಲಿಲ್ಲ. ಬಾಯಿ ಇನ್ನೂ ಪಾತ್ರೆಯ ಮೇಲೇ ಇತ್ತು.

ಮೂವರೂ ಪಾತ್ರೆಯನ್ನೇ ನೋಡಿದೆವು. ಕುದಿಯುವ ಸಾರಿನಲ್ಲಿ ಏನು ಕಾಣುತ್ತದೆ? ಎಣ್ಣೆ ತೇಲುತ್ತಿತ್ತು.

"ಬಿತ್ತು" ಅಂದಳು ವಾರಗಿತ್ತಿ.

"ಬಿದ್ದಿಲ್ಲ ಕಣಮ್ಮಿ. ನಂದು ಯಾವತ್ತೂ ಒಣ್ಗೇ ಇರ್ತದೆ. ಇಡೀ ಊರಿಗೇ ಗೊತ್ತು."

"ನಾನು ನೋಡ್ದೆ ಅಕ್ಕ."

"ನೀನು ಟವೆಲ್ ಇಡ್ಕಂಡ್ ಫೋಟೋ ನೋಡ್ತಿದ್ದೆ."

ಗಲಾಟೆ ಕೇಳಿ ಮೈದುನ ಬಂದ. ವಿಷಯ ತಿಳಿದು, ಬೆಂಕಿಯ ಮೇಲಿದ್ದದ್ದು ಎಂಜಲಾಗಲ್ಲ ಅಂದ. ಬೆಳಗ್ಗೆಯಿಂದ ಎರಡು ಬಾಳೆಹಣ್ಣಿನ ಮೇಲಿದ್ದ. ಬ್ರಾಂದಿ ಪಕ್ಕಕ್ಕೆ ಮಟನ್ ಇಲ್ಲದಿದ್ದರೆ ಏನು ಗತಿ ಅಂತ ಅವನ ಚಿಂತೆ. ಹೊಸ ಶಾಸ್ತ್ರ ಹುಟ್ಟುವುದೇ ಹೀಗೆ, ಹಸಿದ ಗಂಡಸಿನ ಹೊಟ್ಟೆಯಲ್ಲಿ. ಅವನ ಹೆಂಡತಿ, ಹೋದ ವರ್ಷ ನಮ್ಮ ಸೊಸೆ ಅಂಗೈಗೆ ಬಿಟ್ಟುಕೊಂಡಾಗ ಬೆಂಕಿ ಇರಲಿಲ್ವಾ ಅಂತ ಕೇಳಿದಳು. ಅವನು ವಾಪಸು ಕುರ್ಚಿಗೆ ಹೋದ. ಪ್ರಶ್ನೆ ಸರಿಯಾಗಿಯೇ ಇತ್ತು. ಅವಳು ಕೇಳಿದ್ದು ಅವನನ್ನಲ್ಲ, ನನ್ನನ್ನು.

ನಾವು ಇಬ್ಬರೂ ಒಟ್ಟಿಗೆ ಹುಡುಗಿಯ ಕಡೆ ತಿರುಗಿದೆವು. ಪಾತ್ರೆಗೆ ಒಂದು ಗೇಣು ದೂರದಲ್ಲಿ ಸೌಟು ಹಿಡಿದು ನಿಂತವಳು ಅವಳೊಬ್ಬಳೇ. ಬಿದ್ದಿದ್ದರೆ ಅವಳು ಕಂಡಿರಬೇಕು. ಬಿತ್ತು ಅಂದರೆ ಹೋದ ವರ್ಷದ್ದು ತೀರುತ್ತದೆ, ಫೋಟೋ ಟವೆಲ್ಲಿನಲ್ಲಿ ಸುತ್ತಿಕೊಂಡು ಹೋಗುತ್ತದೆ, ನನ್ನ ಒಲೆ ಅಲ್ಲಿಗೆ ಮುಗಿಯಿತು. ನಾನು ಅವಳ ಜಾಗದಲ್ಲಿದ್ದಿದ್ದರೆ ಕೇಳುವ ಮುಂಚೆಯೇ ಬಿತ್ತು ಅಂತ ಕೂಗುತ್ತಿದ್ದೆ. ಬೀಳದಿದ್ದರೂ ಕೂಗುತ್ತಿದ್ದೆ.

ಅವಳು ಸೌಟನ್ನು ತಟ್ಟೆಯ ಮೇಲಿಟ್ಟಳು.

"ನನ್ನ ಯಾಕ ಕೇಳ್ತೀರಿ. ಬಿತ್ತು ಅಂದ್ರ ಸೇಡು ತೀರಿಸ್ಕೊಂಡ್ಳು ಅಂತೀರಿ. ಬಿದ್ದಿಲ್ಲ ಅಂದ್ರ ಬೆಣ್ಣಿ ಹಚ್ಚಾಕತ್ತಾಳ ಅಂತೀರಿ. ಬಾಯಿ ನಿಮ್ದು ದೊಡ್ಡತ್ತಿ, ನೀವ ಹೇಳ್ರಿ."

ಎಲಾ ಅಂದುಕೊಂಡೆ. ಒಂದು ವರ್ಷದಿಂದ ಮಾತು ಕೂಡಿಟ್ಟು ಕೂಡಿಟ್ಟು ಒಟ್ಟಿಗೆ ಕೊಟ್ಟಳು.

ನನ್ನ ಕೆಳತುಟಿ ಒದ್ದೆಯಾಗಿತ್ತು. ಅಂದ ಕೂಡಲೇ ನನಗೆ ಗೊತ್ತಾಗಿತ್ತು. ಬೇಸಿಗೆಯಿಂದಲೂ ಗೊತ್ತಿತ್ತು ಅನ್ನಿ. ಟೊಮೆಟೊ ಗಾಡಿಯವನು ಈಚೆಗೆ ನಾನು ಬಾಯಿ ತೆಗೆದರೆ ಒಂದು ಹೆಜ್ಜೆ ಹಿಂದೆ ಹೋಗುತ್ತಿದ್ದ, ಭಯ ಭಕ್ತಿ ಅಂತ ತಿಳಿದುಕೊಂಡಿದ್ದೆ. ಸೆರಗಿನಲ್ಲಿ ತುಟಿ ಒರೆಸಿಕೊಳ್ಳೋಣ ಅಂದರೆ ಅದೇ ಸಾಕ್ಷಿಯಾಗುತ್ತದೆ. ಬಿದ್ದಿಲ್ಲ ಅಂತ ಇನ್ನೊಂದು ಸಲ ಅನ್ನಬಹುದಿತ್ತು, ಅಂದಿದ್ದರೆ ನಡೆದೂ ಹೋಗುತ್ತಿತ್ತು. ಸತ್ತವರು ಎದ್ದು ಬಂದು ಹೇಳುವವರಲ್ಲ. ನಮ್ಮ ಯಜಮಾನರಂತೂ ಬದುಕಿದ್ದಾಗಲೇ ಚಪ್ಪರಿಸಿಕೊಂಡು ಉಣ್ಣುತ್ತಿದ್ದರು. ಆದರೆ ಎಂಜಲು ಅಂತ ಒಬ್ಬಳ ಪಾತ್ರೆ ಚೆಲ್ಲಿಸಿ, ನನ್ನದನ್ನು ಎಲೆಗೆ ಬಡಿಸಿದರೆ, ಆಮೇಲೆ ಯಾವ ಮುಖ ಇಟ್ಟುಕೊಂಡು ಯಾರಿಗೆ ಥೂ ಅನ್ನುವುದು? ಆ ಪದವೇ ಕೈಬಿಟ್ಟು ಹೋಗುತ್ತದೆ.

"ಬಿತ್ತು" ಅಂದೆ. "ಚೆಲ್ಲು."

ಈ ಸಲವೂ ಆ ನಾಯಿಗಳಿಗೇ. ಹೋದ ವರ್ಷ ಉಂಡಿದ್ದ ಒಂದು ಕರಿನಾಯಿ ಪಾತ್ರೆ ಕಂಡೊಡನೆ ಬಾಲ ಅಲ್ಲಾಡಿಸಿತು. ನಮ್ಮ ಮನೆಯ ಅಮಾವಾಸ್ಯೆ ಅದಕ್ಕೆ ನೆನಪಿತ್ತು ಅಂತ ಕಾಣುತ್ತದೆ.

ಪಾತ್ರೆ ನಾನೇ ತಿಕ್ಕಿದೆ. ಹುಡುಗಿ ಕೈ ಚಾಚಿದಳು, ಕೊಡಲಿಲ್ಲ. ಕ್ಷಮೆ ಗಿಮೆ ಏನೂ ಕೇಳಲಿಲ್ಲ, ಪಾತ್ರೆ ತಿಕ್ಕಿದೆ ಅಷ್ಟೆ. ವಾರಗಿತ್ತಿ ಆಗಲೇ ಫೋನು ಕೈಗೆ ತಗೊಂಡು, ಅರ್ಧ ಗಂಟೆಯಲ್ಲಿ ಮಟನ್ ಸಾರು ಬಾಗಿಲಿಗೆ ಬರುತ್ತದೆ, ಆರ್ಡರ್ ಮಾಡಲಾ ಅಂತ ಕೇಳುತ್ತಿದ್ದಳು. ಮುಖದಲ್ಲಿ ಸಂಕಟ ತೋರಿಸುತ್ತಿದ್ದಳು. ಬೆರಳು ಮಾತ್ರ ಕುಣಿಯುತ್ತಿತ್ತು. ವಡೆ ಕೂಡ ಒಲೆ ಪಕ್ಕದಲ್ಲೇ ಇತ್ತು, ಅಲ್ಲಿಗೂ ಹಾರಿರಬಹುದು ಅಂತ ಸೇರಿಸಿದಳು. ನನ್ನ ಬಾಯಿ ಅಗ್ನಿಶಾಮಕದ ಪೈಪಲ್ಲ ಅಂದೆ.

ಫೋನು ಒತ್ತುವುದನ್ನು ನಿಲ್ಲಿಸಿದ್ದು ಹುಡುಗಿ. ರುಬ್ಬಿದ ಮಸಾಲೆಯಲ್ಲಿ ಅರ್ಧ ಇನ್ನೂ ಮಿಕ್ಸಿಯಲ್ಲಿ ಮುಚ್ಚಿಟ್ಟಿದೆ, ಅಂಗಡಿಯಿಂದ ತತ್ತಿ ತಂದರೆ ತತ್ತಿ ಸಾರು ಅರ್ಧ ಗಂಟೆಯಲ್ಲಿ ಆಗುತ್ತದೆ ಅಂತ ಅತ್ತೆಗೆ ಹೇಳಿದಳು. ಅವರ ಕಡೆ ಮೊಟ್ಟೆಗೆ ತತ್ತಿ ಅನ್ನುತ್ತಾರೆ. ಮಾವನನ್ನೇ ಅಂಗಡಿಗೆ ಅಟ್ಟಿದಳು. ಮೈದುನನನ್ನು ಕುರ್ಚಿಯಿಂದ ಎಬ್ಬಿಸಿದ ಮೊದಲ ಹೆಂಗಸು ಇವಳೇ ಇರಬೇಕು.

ನಾನು ಮತ್ತೆ ತಲೆಗೆ ನೀರು ಹುಯ್ದುಕೊಂಡು ಬಂದೆ. ಹುಡುಗಿ ತನ್ನ ಬ್ಯಾಗಿನಿಂದ ಏನೋ ತೆಗೆದು ನನ್ನ ಮುಂದೆ ಹಿಡಿದಳು. ಮಾಸ್ಕು. ಕೊರೊನಾ ಕಾಲದಲ್ಲಿ ಕಟ್ಟಿಕೊಳ್ಳುತ್ತಿದ್ದೆವಲ್ಲ, ಅದೇ. ದೂಳಿಗೆ ಬೇಕು ಅಂತ ಬಸ್ಸಿನಲ್ಲಿ ಹಾಕಿಕೊಳ್ಳುತ್ತಾಳಂತೆ. ಹೊಸದು ಐತ್ರಿ ಅಂದಳು, ನಗಲಿಲ್ಲ. ನಾನು ಆ ಕಾಲದಲ್ಲೂ ಪೊಲೀಸು ಕಂಡರೆ ಮಾತ್ರ ಮೂಗಿಗೆ ಏರಿಸುತ್ತಿದ್ದವಳು. ಈಗ ನನ್ನ ಅಡಿಗೆಮನೆಯಲ್ಲಿ, ನನ್ನ ಒಲೆಯ ಮುಂದೆ, ಕಿವಿಗೆ ದಾರ ಸಿಕ್ಕಿಸಿಕೊಂಡು ನಿಂತೆ. ವಾಸನೆ ಹತ್ತಲಿಲ್ಲ. ಮೂಗೂ ಹೋಯಿತು, ನಾಲಿಗೆಯೂ ಹೋಯಿತು. ಉಪ್ಪು ಎಷ್ಟು ಹಾಕಿದೆ ಅಂತ ಅವಳನ್ನೇ ಕೇಳಬೇಕಾಯಿತು. ಎರಡು ಚಮಚ ಅಂದಳು. ಸಾಕೋ ಇಲ್ಲವೋ ಅಂತ ಮಾಸ್ಕಿನೊಳಗೆ ಗೊಣಗಿದೆ.

"ರುಚಿ ನೋಡ್ಲೇನ್ರಿ?" ಅಂದಳು.

ಆವಾಗಲೂ ನಗಲಿಲ್ಲ. ಇವಳು ಥೂ ಅನ್ನುವುದನ್ನು ಕಲಿಯಬೇಕಾಗಿಲ್ಲ ಅಂತ ನನಗೆ ಅವತ್ತು ಗೊತ್ತಾಯಿತು. ಅದಿಲ್ಲದೆಯೇ ಅವಳ ಕೆಲಸ ನಡೆಯುತ್ತದೆ.

ದೀಪ ಹಚ್ಚುವ ಹೊತ್ತಿಗೆ ಎಡೆ ಆಯಿತು. ಮುದ್ದೆ ನಾನು ಕಟ್ಟಿದೆ. ಮಟನ್ ಇರಬೇಕಾದ ಜಾಗದಲ್ಲಿ ಮೊಟ್ಟೆ ಕೂತಿತ್ತು. ನಮ್ಮ ಯಜಮಾನರು ಫೋಟೋದಲ್ಲಿ ಅದನ್ನೇ ನೋಡುತ್ತಿದ್ದ ಹಾಗಿತ್ತು. ಬೀಡಿ ಇಟ್ಟೆ, ಬ್ರಾಂದಿ ಇಟ್ಟೆ. ಧೂಪ ಹಾಕಿ, ಬಾಗಿಲು ಮುಂದೆ ಮಾಡಿ, ನಾಲ್ವರೂ ಹೊರಗೆ ಜಗುಲಿಯ ಮೇಲೆ ನಿಂತೆವು. ಮಾಸ್ಕು ತೆಗೆಯುವುದು ಮರೆತಿದ್ದೆ. ಮಹಡಿಯ ಮೇಲಿನ ಬಾಡಿಗೆ ಹುಡುಗರು ಇಳಿದು ಬಂದವರು ನನ್ನ ಮುಖ ನೋಡಿ, ಮತ್ತೆ ಏನಾದರೂ ಶುರುವಾಯ್ತಾ ಆಂಟಿ ಅಂತ ಕೇಳಿಕೊಂಡು ಹೋದರು.

ಒಳಗೆ ಸತ್ತವರು ಉಣ್ಣುತ್ತಿದ್ದರೆ ಹೊರಗೆ ವಾರಗಿತ್ತಿ ಮತ್ತೆ ಶುರು ಮಾಡಿದಳು. ನೋಡಿದ್ರಲ್ಲ ಅಕ್ಕ, ಎಷ್ಟು ಕಷ್ಟ ಆಯ್ತು ಅಂತ. ಟವೆಲ್ಲು ತೋಳಿನ ಮೇಲೆ ಮಡಿಚಿಕೊಂಡಿದ್ದಳು. ನಾನು ಬೇರೆ ಯೋಚನೆಯಲ್ಲಿದ್ದೆ. ಕೈಲಿ ಆಗುವುದಿಲ್ಲ ಅನ್ನುವುದು ಸುಳ್ಳಲ್ಲ. ಮಂಡಿ ನನ್ನದು, ಹಲ್ಲು ನನ್ನದಲ್ಲ. ಆದರೆ ಎಡೆ ಆ ಪ್ಲಾಸ್ಟಿಕ್ ಡಬ್ಬಿಗೆ ಹೋಗುವುದಕ್ಕೂ, ಈ ಮನೆಯಲ್ಲೇ ಬೇರೆಯವರ ಕೈಗೆ ಹೋಗುವುದಕ್ಕೂ ವ್ಯತ್ಯಾಸ ಇದೆ.

"ಫೋಟೋ ಎಲ್ಲೂ ಓಗಲ್ಲ" ಅಂದೆ. "ಎಡೆ ಇಲ್ಲೇ. ಸೌಟು ನಿನ್ ಸೊಸೆ ಇಡ್ಕಳ್ಳಿ. ಅವ್ಳೂ ಈ ಮನೆ ಸೊಸೆನೇ ತಾನೆ."

ವಾರಗಿತ್ತಿ ಬಾಯಿ ತೆರೆದಳು. ಅವಳಿಗೆ ಸೊಸೆ ತನ್ನ ಪರ ಅನ್ನುವ ನಂಬಿಕೆ. ಹುಡುಗಿ ಆಫೀಸಿಗೆ ಹೋಗುವವಳು, ರಜ ಸಿಗಲ್ಲ, ಇದೆಲ್ಲ ಅವಳಿಗೆ ಇಷ್ಟವಿಲ್ಲ ಅಂತ ಸೊಸೆಯ ಪರವಾಗಿ ತಾನೇ ಉತ್ತರ ಕೊಟ್ಟಳು. ಸೊಸೆ ಗೋಡೆಗೆ ಒರಗಿ, ಮಸಾಲೆ ಹತ್ತಿದ ಉಗುರು ನೋಡಿಕೊಳ್ಳುತ್ತಾ ಪೂರ್ತಿ ಕೇಳಿಸಿಕೊಂಡಳು.

"ರಜಾ ಹಾಕ್ತೀನ್ರಿ. ಆದ್ರ ಒಂದ ಮಾತು. ದೊಡ್ಡತ್ತಿ ಅಡಗಿಮನಿ ಒಳಗ ಬರೂದಾದ್ರ ಮಾಸ್ಕ್ ಹಾಕ್ಕೊಂಡ ಬರಬೇಕು."

ಮೈದುನ ಕೆಮ್ಮಿದ. ನಗೆ ಮುಚ್ಚಿಕೊಳ್ಳುವುದಕ್ಕೆ ಆ ವಂಶದ ಗಂಡಸರೆಲ್ಲ ಹಂಗೇ ಕೆಮ್ಮುವುದು. ನಾನು ಆಗಲಿ ಅಂದೆ. ಬೇರೆ ಏನು ಅನ್ನುವುದು? ನಲವತ್ತು ವರ್ಷದ ಒಲೆಯನ್ನು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬಿಟ್ಟುಕೊಟ್ಟೆ. ಹನ್ನೊಂದನೇ ಮಹಡಿಗಿಂತ ವಾಸಿ.

ವಾರಗಿತ್ತಿ ಟವೆಲ್ಲನ್ನು ಬ್ಯಾಗಿಗೆ ತುರುಕಿದಳು. ಸೋಲು ಒಪ್ಪಿಕೊಳ್ಳುವ ಜಾಯಮಾನ ಅವಳದಲ್ಲ, ಅದೊಂದರಲ್ಲಿ ನಾವಿಬ್ಬರೂ ಅಕ್ಕತಂಗಿಯರೇ. ಹೋಗಲಿ, ಕಜ್ಜಾಯ ಒಂದಾದರೂ ಮುಂದಿನ ವರ್ಷ ಆರ್ಡರ್ ಮಾಡೋಣ, ಪಾಕ ತೆಗೆಯುವುದು ಈ ಹುಡುಗಿಗೆ ಎಲ್ಲಿ ಬರುತ್ತದೆ ಅಂದಳು.

ನಾನು ಮಾಸ್ಕಿನೊಳಗೇ ಥೂ ಅಂದೆ.

ಒಳಗೆ ಬೆಚ್ಚಗೆ ಒದ್ದೆಯಾಯಿತು. ಚೆನ್ನಾಗಿಯೇ ಆಯಿತು. ಹೊರಗೂ ರೂಪಾಯಿ ಅಗಲ ಕಾಣುತ್ತಿತ್ತೇನೋ, ಹುಡುಗಿ ನೋಡಿದಳು, ನೋಡಿ ಬೀದಿಯ ಕಡೆ ಮುಖ ತಿರುಗಿಸಿದಳು. ಭುಜ ಅಲ್ಲಾಡುತ್ತಿತ್ತು. ಮೈದುನ ಇಷ್ಟು ಹೊತ್ತು ಸಾಕು, ಅಣ್ಣ ಉಂಡಾಯಿತು ಅಂತ ಹೇಳಿ ಬಾಗಿಲು ತಟ್ಟಿದ. ನಾನು ಕಿವಿಯಿಂದ ದಾರ ಬಿಚ್ಚಿ, ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಉಪ್ಪು ಸಾಕಾಗಿದೆಯೋ ಇಲ್ಲವೋ ನೋಡುವುದಕ್ಕೆ ಒಳಗೆ ಹೋದೆ.